ಭತ್ತದ ಹುಲ್ಲು ಗದ್ದೆಗೇ ಸೇರಿಸಿದ್ಮೇಲೆ ನಾಟಿ ಹಳದಿ, ಬೇರು ಕಪ್ಪು, ನೀರು ವಾಸನೆ: ಎಲ್ಲಿ ತಪ್ಪಿದೆ ಅಂತ ಹುಡುಕೋದು ಹೆಂಗೆ

ನಮ್ದು ಹರಿಹರದ ಕಡೆ, ಭದ್ರಾ ಚಾನಲ್ ಗದ್ದೆ, ನೀರಿದ್ದ ವರ್ಷ ಎರಡು ಭತ್ತ. ಮೊದ್ಲು ಕೈಯಲ್ಲಿ ಕೊಯ್ದು ಬಣವೆ ಒಟ್ತಿದ್ವಿ, ಕಟಾವ್ ಮಷೀನ್ ಬಂದ್ಮೇಲೆ ಅರ್ಧ ಹುಲ್ಲು ಗದ್ದೇಲೇ ಉಳಿಯೋಕೆ ಶುರುವಾಯ್ತು, ದನಕ್ಕೆ ಬೇಕಾದಷ್ಟು ಬೇಲರ್‌ನಲ್ಲಿ ಸುತ್ತಿಸಿ ಒಯ್ದು ಉಳಿದದ್ದಕ್ಕೆ ಕಡ್ಡಿ ಗೀರೋದೇ ರೂಢಿ ಆಗೋಯ್ತು. ನಾನು ಬೆಂಕಿ ಬಿಟ್ಟು ಮಣ್ಣಿಗೆ ಸೇರಿಸೋಕೆ ಶುರು ಮಾಡಿದ ಮೊದಲನೇ ಬೇಸಿಗೆ ಬೆಳೇಲಿ ನಾಟಿ ಅರಿಶಿನ ಬಳಿದ ಹಂಗಾಯ್ತು. ದೊಡ್ಡಪ್ಪ ಬದು ಮೇಲೆ ನಿಂತು "ಒಂದು ಕಡ್ಡೀಲಿ ಮುಗಿಯೋ ಕೆಲ್ಸಕ್ಕೆ ಇಷ್ಟು ರಂಪ ಮಾಡ್ಕಂಡ್ಯಲ್ಲೋ" ಅಂದ್ರು, ಆವತ್ತು ನನ್ ಹತ್ರ ಉತ್ತರ ಇರ್ಲಿಲ್ಲ. ಈಗ ಸ್ವಲ್ಪ ಇದೆ, ಅದಕ್ಕೇ ಬರೀತಿದೀನಿ. ಯಾವ ಲಕ್ಷಣ ಕಂಡ್ರೆ ಮೊದ್ಲು ಏನು ನೋಡ್ಬೇಕು, ಖರ್ಚಿಲ್ಲದ್ದು ಮೊದ್ಲು, ಖರ್ಚಿಂದು ಆಮೇಲೆ.

ಯಾವ ಲಕ್ಷಣ ಇದ್ರೂ ಮೊದ್ಲು ಮೂರು ತಾರೀಕು ಬರ್ಕಳ್ರಿ

ಮೊಬೈಲಲ್ಲೋ ಕ್ಯಾಲೆಂಡರ್ ಹಿಂದೆಯೋ, ಎಲ್ಲಾದ್ರೂ ಸರಿ. ಕಟಾವ್ ಆದ ದಿನ, ಹುಲ್ಲು ಮಣ್ಣಿಗೆ ಬೆರೆಸಿದ ದಿನ, ಗದ್ದೇಲಿ ನೀರು ನಿಲ್ಸಿದ ದಿನ. ಎರಡನೇದಕ್ಕೂ ಮೂರನೇದಕ್ಕೂ ಮಧ್ಯೆ 30 ದಿನಕ್ಕಿಂತ ಕಮ್ಮಿ ಇದ್ರೆ ಕೆಳಗೆ ಬರೆದಿರೋ ಅರ್ಧ ತೊಂದ್ರೆಗೆ ಕಾರಣ ಅಲ್ಲೇ ಸಿಕ್ತು ಅಂತ ತಿಳ್ಕಳ್ರಿ. ಹುಲ್ಲು ಕೊಳೆಯೋಕೆ ಗಾಳಿ ಬೇಕು, ಹಸಿ ಬೇಕು, ಸ್ವಲ್ಪ ಸಾರಜನಕ ಬೇಕು, ನಾವು ಡಿಸೆಂಬರ್ ಕೊನೇಲಿ ಬೆರೆಸಿ ಜನವರೀಲಿ ಚಾನಲ್ ನೀರು ಬಂತು ಅಂತ ತಕ್ಷಣ ಕೆಸರು ಮಾಡಿಬಿಟ್ರೆ ಗಾಳಿ ಬಂದ್ ಆಯ್ತು, ಹುಲ್ಲು ನೀರೊಳಗೆ ಉಸಿರುಗಟ್ಟಿ ಹುಳಿಯಾಗ್ತದೆ. ಬೇಸಿಗೆ ಬೆಳೆ ಕೊಯ್ದು ಮೇ ತಿಂಗಳಲ್ಲಿ ಬೆರೆಸಿದವ್ರಿಗೆ ಈ ಕಾಟ ಕಮ್ಮಿ, ಯಾಕಂದ್ರೆ ಮುಂಗಾರು ಮಳೆ ಹಸಿ ಕೊಡ್ತದೆ, ಮುಂದಿನ ನಾಟಿಗೆ ಎರಡು ತಿಂಗಳು ಹತ್ರ ಸಮಯ ಸಿಗ್ತದೆ.

ನಾಟಿ ಆಗಿ 10–20 ದಿನಕ್ಕೆ ಗದ್ದೆ ಹಳದಿ, ತೆಂಡೆ (ಬುಡದಿಂದ ಬರೋ ಮರಿ ಕವಲು) ಒಡೀತಿಲ್ಲ

ಮೊದಲ ಒಂದು ವಾರದ ಹಳದಿಗೆ ತಲೆ ಕೆಡಿಸ್ಕೋಬೇಡ್ರಿ, ಸಸಿ ಮಡಿಯಿಂದ ಕಿತ್ತು ನೆಟ್ಟಿದ್ದಕ್ಕೆ ಎಲ್ಲಾ ಭತ್ತಾನೂ ಸ್ವಲ್ಪ ಬಾಡಿ ಬಿಳುಚಿಕೊಳ್ತದೆ. ಹತ್ತು ದಿನ ಕಳೆದ್ರೂ ಹಸಿರು ತಿರುಗ್ಲಿಲ್ಲ ಅಂದ್ರೆ ಬದು ಮೇಲೆ, ಆದ್ರೆ ಎತ್ತರದ ಬದು ಮೇಲೆ, ನಿಂತು ಇಡೀ ಮಡಿ ನೋಡ್ರಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ನಾನು ಎಲ್ಲಕ್ಕಿಂತ ಜಾಸ್ತಿ ನಂಬೋದೂ ಇದನ್ನೇ. ಕಟಾವ್ ಮಷೀನ್ ಹಿಂದೆ ಹುಲ್ಲು ಸಾಲಾಗಿ ಬೀಳ್ತದಲ್ಲ, ಹಳದಿ ಕೂಡ ಅದೇ ಸಾಲಲ್ಲಿ ಪಟ್ಟೆ ಪಟ್ಟೆಯಾಗಿ ಇದ್ರೆ, ಮಧ್ಯೆ ಹುಲ್ಲು ಕಮ್ಮಿ ಬಿದ್ದ ಜಾಗ ಹಸಿರಿದ್ರೆ, ಇದು ಹುಲ್ಲಿನ ಸಾರಜನಕದ ಜಗಳ. ನನ್ ಗದ್ದೇಲಿ ಹಂಗೇ ಇತ್ತು, ಮೇಲಿಂದ ನೋಡಿದ್ರೆ ಪಟ್ಟೆ ಚಾಪೆ ಹಾಸಿದ ಹಂಗೆ.

ಆಗೋದೇನು ಅಂದ್ರೆ, ಭತ್ತದ ಹುಲ್ಲಲ್ಲಿ ಇಂಗಾಲ ಶೇ 40ರ ಆಸುಪಾಸು, ಸಾರಜನಕ ಬರೀ ಶೇ 0.5ರಿಂದ 0.8. ಅಂದ್ರೆ ಒಂದು ಪಾಲು ಸಾರಜನಕಕ್ಕೆ ಅರವತ್ತು ಎಪ್ಪತ್ತು ಪಾಲು ಇಂಗಾಲ. ಕೊಳೆಸೋ ಸೂಕ್ಷ್ಮಜೀವಿಗೆ ಸುಮಾರು 25ಕ್ಕೆ 1 ಇದ್ರೆ ಊಟ ಸರಿಹೋಗ್ತದೆ, ಕಮ್ಮಿ ಬಿದ್ದ ಸಾರಜನಕ ಮಣ್ಣಿಂದ ಎಳ್ಕೊಳ್ತದೆ, ನಾವು ಎರಚಿದ ಯೂರಿಯಾ ಮೊದ್ಲು ಅದರ ಬಾಯಿಗೆ ಹೋಗ್ತದೆ, ಭತ್ತಕ್ಕೆ ಉಪವಾಸ. ಆಮೇಲೆ ಅವು ಸತ್ತಾಗ ವಾಪಸ್ ಬರ್ತದೆ, ಆದ್ರೆ ತೆಂಡೆ ಒಡೆಯೋ ಹೊತ್ತು ಕಾಯಲ್ವಲ್ಲ.

ಈಗ ಒಂದು ಎಲೆ ಕೈಗೆ ತಗಳ್ರಿ. ಕೆಳಗಿನ ಹಳೇ ಎಲೆ ತುದಿಯಿಂದ ಒಂದೇ ಸಮ ಹಳದಿ, ಚುಕ್ಕಿ ಇಲ್ಲ, ಅಂದ್ರೆ ಸಾರಜನಕ. ನಾಟಿ ಆಗಿ ಎರಡು ಮೂರು ವಾರಕ್ಕೆ ಹೊಸ ಎಲೆ ಬುಡದ ಹತ್ರ ನಡು ನರ ಬಿಳುಚಿ, ಕೆಳಗಿನ ಎಲೆ ಮೇಲೆ ತುಕ್ಕು ಹಿಡಿದ ಹಂಗೆ ಕಂದು ಚುಕ್ಕಿ, ಗಿಡ ಅಲ್ಲಲ್ಲಿ ಗುಂಪಾಗಿ ಕುಳ್ಳು, ಅಂದ್ರೆ ಜಿಂಕ್. ಕೊಳೆಯದ ಹುಲ್ಲು ಜಾಸ್ತಿ ಇರೋ ನೀರು ನಿಂತ ಗದ್ದೇಲಿ ಜಿಂಕ್ ಸಿಗೋದು ಇನ್ನೂ ಕಷ್ಟ ಆಗ್ತದೆ, ಅದಕ್ಕೇ ಎರಡೂ ಒಟ್ಟಿಗೆ ಬರೋದೂ ಉಂಟು, ಜನ ಯೂರಿಯಾ ಮೇಲೆ ಯೂರಿಯಾ ಹಾಕಿ ಹಣ ನೀರಿಗೆ ಬಿಡ್ತಾರೆ.

ಡೌಟ್ ಇದ್ರೆ ಇಡೀ ಎಕರೆಗೆ ಹಾಕ್ಬೇಡ್ರಿ, ಒಂದು ಗುಂಟೆ ಗೂಟ ಹೊಡೆದು ಗುರುತು ಮಾಡಿ ಅರ್ಧ ಕೆಜಿ ಯೂರಿಯಾ ಎರಚ್ರಿ, ನೀರು ತೆಳ್ಳಗೆ ಇರ್ಲಿ. ಪಕ್ಕದ ಇನ್ನೊಂದು ಗುಂಟೆಗೆ ಜಿಂಕ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಜೊತೆಗೆ ಅದರ ಅರ್ಧ ಸುಣ್ಣ ಕರಗಿಸಿ ತಿಳಿ ಸೋಸಿ ಸ್ಪ್ರೇ ಮಾಡ್ರಿ, ಸುಣ್ಣ ಬಿಟ್ರೆ ಎಲೆ ಸುಡ್ತದೆ. ಒಂದು ವಾರ ಬಿಡ್ರಿ. ಯಾವ ಗುಂಟೆ ಹಸಿರಾಯ್ತೋ ಅದೇ ಉತ್ತರ. ಎರಡೂ ಹಸಿರಾಗ್ಲಿಲ್ಲ ಅಂದ್ರೆ ಗೊಬ್ಬರದ ಚೀಲ ಮುಟ್ಟಬೇಡ್ರಿ, ಮುಂದಿನ ಭಾಗ ಓದಿ ಬೇರು ನೋಡ್ರಿ.

ಸಾರಜನಕ ಅಂತ ಗೊತ್ತಾದ್ರೆ ಎಕರೆಗೆ 20 ಕೆಜಿ ಯೂರಿಯಾ ಮುಂಚಿತವಾಗಿ ಕೊಡ್ರಿ, ಆದ್ರೆ ನಿಮ್ ಒಟ್ಟು ಲೆಕ್ಕದಿಂದಾನೇ ಕಳೀರಿ. ನಮ್ ಕಡೆ ಯೂರಿಯಾ ಮೊದ್ಲೇ ಕೈಬಿಚ್ಚಿ ಹಾಕ್ತಾರೆ, ಅದ್ರ ಮೇಲೆ ಇನ್ನೊಂದು ಸೇರಿಸಿದ್ರೆ ತಿಂಗಳು ಬಿಟ್ಟು ಹುಲ್ಲಿಂದ ಸಾರಜನಕ ವಾಪಸ್ ಬರೋ ಹೊತ್ತಿಗೆ ಬೆಳೆ ಕಡು ಹಸಿರಾಗಿ ಬೆಂಕಿ ರೋಗಾನೂ (ಬ್ಲಾಸ್ಟ್) ಜಿಗಿಹುಳಾನೂ ಕರೆದು ಕೂರಿಸಿದಂಗೆ. ಮುಂದಿನ ಸಲ ಇದೇ 20 ಕೆಜಿನ ನಾಟಿ ಆದ್ಮೇಲೆ ಬದ್ಲು ಹುಲ್ಲು ಬೆರೆಸೋ ದಿನಾನೇ ಹುಲ್ಲಿನ ಮೇಲೆ ಎರಚಿ ಅವತ್ತೇ ಉಳ್ರಿ, ಮೇಲೇ ಬಿಟ್ರೆ ಗಾಳಿಗೆ ಹೋಗ್ತದೆ.

ಗದ್ದೆ ತುಳಿದ್ರೆ ಗುಳ್ಳೆ, ಕೊಳೆತ ಮೊಟ್ಟೆ ವಾಸನೆ, ಬೇರು ಕಪ್ಪು

ಬರೀ ಗುಳ್ಳೆ ಬಂದ್ರೆ ಹೆದರಬೇಡ್ರಿ. ನೀರು ನಿಂತ ಭತ್ತದ ಗದ್ದೇಲಿ ಮೀಥೇನ್ ಏಳೋದು ಮಾಮೂಲಿ, ಅದಕ್ಕೆ ವಾಸನೆ ಇಲ್ಲ. ಕೊಳೆಯದ ಹುಲ್ಲು ಸೇರಿಸಿ ತಕ್ಷಣ ನೀರು ನಿಲ್ಸಿದ್ರೆ ಈ ಮೀಥೇನ್ ಜಾಸ್ತಿ ಆಗ್ತದೆ, ಮಣ್ಣಿಗೆ ಇಂಗಾಲ ಕೂಡಿಸ್ತೀನಿ ಅಂತ ಹೊರಟು ಆಕಾಶಕ್ಕೆ ಕಳಿಸಿದಂಗೆ, ಅದೊಂದು ಬೇಜಾರು. ಮೂಗಿಗೆ ಹೊಡೆಯೋದು ಕೊಳೆತ ಮೊಟ್ಟೆ ವಾಸನೆ ಆದ್ರೆ ಅದು ಗಂಧಕದ್ದು, ಬೆಳೆಗೆ ತೊಂದ್ರೆ ಕೊಡೋದು ಅದು, ಜೊತೆಗೆ ಹುಲ್ಲು ಹುಳಿಯಾದಾಗ ಹುಟ್ಟೋ ಆಮ್ಲಗಳು.

ಒಂದು ಬುಡ ಮಣ್ಣು ಸಮೇತ ಎತ್ತಿ ಚಾನಲ್ ನೀರಲ್ಲಿ ಮೆಲ್ಲಗೆ ಜಾಲಿಸ್ರಿ, ಎಳೀಬೇಡ್ರಿ, ಎಳೆದ್ರೆ ನೋಡಬೇಕಾದ ಬೇರೇ ಕೆಳಗುಳೀತದೆ. ಹೊಸ ಬೇರು ಬೆಳ್ಳಗಿದ್ದು ಹಳೇದು ಕೆಂಪುಮಣ್ಣು ಮೆತ್ತಿದ ಬಣ್ಣ ಇದ್ರೆ ಗದ್ದೆ ಆರೋಗ್ಯವಾಗಿದೆ. ಕಪ್ಪಗಿದ್ರೆ ಅದನ್ನ ಬದು ಮೇಲೆ ಗಾಳಿಗೆ ಇಟ್ಟು ಟೀ ಕುಡ್ಕಂಡು ಬರ್ರಿ. ಸ್ವಲ್ಪ ಹೊತ್ತಿಗೆ ಕಪ್ಪು ಕರಗಿ ಕಂದು ಆದ್ರೆ ಅದು ಬೇರಿನ ಮೇಲೆ ಕೂತಿದ್ದ ಕಬ್ಬಿಣ ಗಂಧಕದ ಲೇಪ, ಬೇರು ಒಳಗೆ ಬದುಕಿದೆ, ಗಾಳಿ ಕೊಟ್ರೆ ಎದ್ದೇಳ್ತದೆ. ಕಪ್ಪು ಹಂಗೇ ಇದ್ದು ಬೆರಳಲ್ಲಿ ತಿಕ್ಕಿದ್ರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬಂದ್ರೆ ಆ ಬೇರು ಕೊಳೆತಿದೆ, ಹೊಸ ಬೇರು ಬರೋವರೆಗೂ ಕಾಯಬೇಕು.

ಮದ್ದು ಪುಕ್ಕಟೆ. ನೀರು ಬಸೀರಿ, ಮೂರರಿಂದ ಐದು ದಿನ, ಮೇಲೆ ಕೂದಲೆಳೆ ಬಿರುಕು ಕಾಣೋವರೆಗೆ, ದೊಡ್ಡ ಬಿರುಕು ಬಿಡಬಾರ್ದು. ಆಮೇಲೆ ತೆಳ್ಳಗೆ ನೀರು ಕಟ್ಟಿ ಮತ್ತೆ ಒಣಗಿಸಿ ಹಿಂಗೆ ಎರಡು ಸುತ್ತು. ಬಸಿಯೋ ಮುಂಚೆ ಎರಡು ವಿಷ್ಯ ನೋಡ್ರಿ. ಒಂದು, ಚಾನಲ್ ಆನ್ ಆಫ್ ದಿನ ಯಾವಾಗ ಅಂತ, ನೀವು ಬಸಿದ ಮಾರನೇ ದಿನ ಮೇಲಿಂದ ನೀರು ನಿಂತ್ರೆ, ಅದ್ರಲ್ಲೂ ಕೊನೇ ಭಾಗದ ಗದ್ದೆಯವ್ರಿಗೆ, ಹುಲ್ಲಿನ ಕಾಟ ತಪ್ಪಿಸಿ ಬರ ತಂದ್ಕಂಡಂಗೆ. ಇನ್ನೊಂದು, ಯೂರಿಯಾನೋ ಕಳೆನಾಶಕಾನೋ ಹಾಕಿ ವಾರ ಆಗಿಲ್ಲ ಅಂದ್ರೆ ಆ ನೀರನ್ನ ಪಕ್ಕದವ್ರ ಗದ್ದೆಗೆ ಬಿಡಬೇಡ್ರಿ, ತೂಬು ಮುಚ್ಚಿ ಗದ್ದೇಲೇ ಇಂಗೋಕೆ ಬಿಡ್ರಿ, ನಿಧಾನ ಆದ್ರೂ ಜಗಳ ಇಲ್ಲ. ಈ ಹೊತ್ತಲ್ಲಿ ಅಮೋನಿಯಂ ಸಲ್ಫೇಟ್ ಹಾಕಬೇಡ್ರಿ, ಗಂಧಕದ ಮೇಲೆ ಗಂಧಕ.

ಒಣಗಿಸಿ ವಾರ ಕಳೆದ್ರೂ ಹೊಸ ಬಿಳಿ ಬೇರು ಒಂದೂ ಕಾಣ್ಲಿಲ್ಲ, ಅಥವಾ ತಗ್ಗಿನ ಮಡೀಲಿ ನೀರು ಬಸಿಯೋದೇ ಇಲ್ಲ, ಮೇಲೆ ಬಿಳಿ ಉಪ್ಪು ಕಾಣ್ತದೆ ಅಂದ್ರೆ ಇದು ಹುಲ್ಲಿಂದಲ್ಲ, ಚೌಳು ಇಲ್ಲಾ ಬಸಿಗಾಲುವೆ ಸಮಸ್ಯೆ. ಅಲ್ಲಿಗೆ ನಿಲ್ಸಿ ಹೋಬಳಿ ರೈತ ಸಂಪರ್ಕ ಕೇಂದ್ರಕ್ಕೋ ಕೆವಿಕೆಗೋ (ಕೃಷಿ ವಿಜ್ಞಾನ ಕೇಂದ್ರ) ಗಿಡ, ಬೇರು, ಮಣ್ಣು ಮೂರೂ ತಗಂಡು ಹೋಗ್ರಿ. ದೂರ ಆದ್ರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡ್ತಾರೆ, ಆದ್ರೆ ಬೇರು ಫೋನಲ್ಲಿ ತೋರ್ಸೋಕಾಗಲ್ಲ.

ಇನ್ನೊಂದು ಎಚ್ಚರಿಕೆ, ಹುಲ್ಲು ಇದ್ದಲ್ಲಿ ಇಲಿ ಇರ್ತದೆ, ಇಲಿ ಉಚ್ಚೆ ಸೇರಿದ ನೀರಿಂದ ಇಲಿ ಜ್ವರ ಬರ್ತದೆ. ಕಾಲಲ್ಲಿ ಗಾಯ, ಒಡಕು ಇದ್ರೆ ಗಂಬೂಟ್ ಇಲ್ದೆ ಇಳೀಬೇಡ್ರಿ. ಗದ್ದೆ ಕೆಲ್ಸ ಮಾಡಿ ವಾರ ಎರಡು ವಾರಕ್ಕೆ ಜೋರು ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಆದ್ರೆ ಡಾಕ್ಟ್ರಿಗೆ ಗದ್ದೆ ನೀರಲ್ಲಿ ಇದ್ದೆ ಅಂತ ಹೇಳ್ರಿ.

ಹುಲ್ಲು ತೇಲಿ ಮೂಲೆಗೆ ಸೇರಿ ಸಸಿ ಮುಚ್ಚಿದೆ

ಇದು ನೀರು ಜಾಸ್ತಿ, ಬೆರಕೆ ಕಮ್ಮಿ. ಕೆಸರು ಮಾಡುವಾಗ ಆಳದ ನೀರು ಕಟ್ಟಿದ್ರೆ ಕೇಜ್‌ವೀಲ್ (ಟ್ರ್ಯಾಕ್ಟರಿನ ಕಬ್ಬಿಣದ ಕೆಸರು ಚಕ್ರ) ಹುಲ್ಲನ್ನ ಒಳಗೆ ತುಳಿಯೋ ಬದ್ಲು ತೇಲಿಸಿ ಗಾಳಿ ಬೀಸಿದ ಕಡೆ ಒತ್ತಿಬಿಡ್ತದೆ. ಹಲುಬೆಯಲ್ಲಿ ಎಳೆದು ತೆಗೆದು ಬದು ಆಚೆ ಗುಡ್ಡೆ ಹಾಕ್ರಿ, ಮುಂದಿನ ಸಲ ಮಣ್ಣು ನೆನೆದು ಮೇಲೆ ಒಂದು ಇಂಚಷ್ಟೇ ನೀರು ಕಾಣೋ ಹಂಗೆ ಇಟ್ಟು ಹೊಡೆಸ್ರಿ.

ರೋಟವೇಟರಿಗೆ (ಟ್ರ್ಯಾಕ್ಟರ್ ಹಿಂದೆ ತಿರುಗೋ ಬ್ಲೇಡಲ್ಲಿ ಮಣ್ಣು ಮಗುಚೋ ಯಂತ್ರ) ಹುಲ್ಲು ಸುತ್ಕೊಳ್ತದೆ, ಡ್ರೈವರ್ ಆಗಲ್ಲ ಅಂತಾನೆ

ಅವ್ನ ತಪ್ಪಿಲ್ಲ. ಉದ್ದ ಹುಲ್ಲು, ಬೆಳಗಿನ ಇಬ್ಬನಿ, ಎರಡೂ ಸೇರಿದ್ರೆ ಬ್ಲೇಡಿಗೆ ಹಗ್ಗ ಸುತ್ತಿದಂಗೆ ಸುತ್ಕೊಳ್ತದೆ. ಮೊದ್ಲು ಟೈಮ್ ಬದಲಾಯಿಸ್ರಿ, ಹತ್ತು ಗಂಟೆ ಮೇಲೆ ಬಿಸಿಲಿಗೆ ಹುಲ್ಲು ಗರಿಗರಿ ಆದ್ಮೇಲೆ ಬಿಡ್ರಿ. ಸಾಲಾಗಿ ಬಿದ್ದ ಹುಲ್ಲನ್ನ ಇಬ್ಬರು ನಿಂತು ಕೆದರಿಸಿ ಹರಡಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತದೆ, ಹಳದಿ ಪಟ್ಟೆನೂ ಬರಲ್ಲ. ಆದ್ರೂ ಆಗ್ಲಿಲ್ಲ ಅಂದ್ರೆ ಮೊದ್ಲು ಮಲ್ಚರ್ ಹೊಡೆಸಿ ತುಂಡು ಮಾಡ್ಸಿ ಆಮೇಲೆ ರೋಟವೇಟರ್, ಸ್ವಂತ ಬೇಕಾಗಿಲ್ಲ, ಕೃಷಿ ಯಂತ್ರಧಾರೆ ಅನ್ನೋ ಯಂತ್ರ ಬಾಡಿಗೆ ಕೇಂದ್ರದಲ್ಲಿ ಬಾಡಿಗೆಗೆ ಸಿಗ್ತದಾ ಕೇಳ್ರಿ. ಕಟಾವ್ ದಿನಾನೇ ಬುಡ ಹಿಡಿದು ಕೊಯ್ಯಪ್ಪ ಅಂತ ಮಷೀನ್‌ನವ್ನಿಗೆ ಹೇಳಿ ನೋಡ್ಬಹುದು, ನಿಧಾನ ಆಗ್ತದೆ ಡೀಸೆಲ್ ತಿಂತದೆ ಅಂತ ಮುಖ ಗಂಟಿಕ್ತಾನೆ, ಅದು ಬೇರೆ ಮಾತು.

ಇಲ್ಲಿ ಒಂದು ಮಾತು ಮಾತ್ರ ಜೋರಾಗಿ ಹೇಳ್ತೀನಿ. ಸುತ್ಕಂಡ ಹುಲ್ಲು ಬಿಡಿಸೋಕೆ ಇಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕ್ಕಂಡೇ ಕೆಳಗಿಳೀಬೇಕು. ಪಿಟಿಒ (ಟ್ರ್ಯಾಕ್ಟರಿಂದ ರೋಟವೇಟರ್ ತಿರುಗಿಸೋ ಶಾಫ್ಟ್) ಬರೀ ನ್ಯೂಟ್ರಲ್ ಮಾಡಿ ಕೈ ಹಾಕೋದು ನಮ್ ಹುಡುಗ್ರ ಚಾಳಿ. ತಿರುಗೋ ಶಾಫ್ಟಿಗೆ ಹೆಗಲ ಮೇಲಿನ ಟವೆಲ್ಲೋ ಪಂಚೆ ಅಂಚೋ ಸಿಕ್ರೆ ಬಿಡಿಸ್ಕಳೋಕೆ ಟೈಮ್ ಸಿಗಲ್ಲ. ಎತ್ತಿದ ರೋಟವೇಟರ್ ಕೆಳಗೆ ಹೋಗೋದಾದ್ರೆ ಕೆಳಗೆ ದಿಮ್ಮಿ ಕೊಡ್ರಿ, ಹೈಡ್ರಾಲಿಕ್ ನಂಬಬೇಡ್ರಿ.

ತಿಂಗಳಾದ್ರೂ ಹುಲ್ಲು ಹುಲ್ಲಾಗೇ ಇದೆ

ನಾಲ್ಕು ಇಂಚು ಆಳ ಕೆದಕಿ ಒಂದು ಎಳೆ ತೆಗೀರಿ. ಎರಡೂ ತುದಿ ಹಿಡಿದು ಎಳೆದ್ರೆ ಹಳೇ ನೂಲು ಹರಿದಂಗೆ ಸದ್ದಿಲ್ದೆ ಹರಿದ್ರೆ, ಬಣ್ಣ ಕಂದಾಗಿ ಮಣ್ಣಿನ ವಾಸನೆ ಬಂದ್ರೆ, ನೀರು ಕಟ್ಟಬಹುದು. ಇನ್ನೂ ಹಳದಿ ಹೊಳಪು, ಬಲವಾಗಿ ಎಳೆದ್ರೂ ತಡೀತದೆ ಅಂದ್ರೆ ಕೊಳೆಯೋದು ಶುರುವೇ ಆಗಿಲ್ಲ. ಆಗ ಮಣ್ಣು ಮುಷ್ಟಿ ಕಟ್ಟಿ ನೋಡ್ರಿ, ಉಂಡೆ ಆಗದೆ ಪುಡಿಪುಡಿ ಆದ್ರೆ ಹಸಿ ಇಲ್ಲ, ಡಿಸೆಂಬರ್ ಗಾಳಿಗೆ ಹಿಂಗೇ ಆಗೋದು, ಒಂದು ತೆಳು ನೀರು ಹಾಯ್ಸಿ ಇಂಗಿಸಿ ಬಿಡ್ರಿ. ಹಸಿ ಇದೆ ಆದ್ರೂ ಕೊಳೆತಿಲ್ಲ ಅಂದ್ರೆ ಹುಲ್ಲು ಮೇಲೇ ಇದೆ, ಮಣ್ಣು ಮುಟ್ಟಿಲ್ಲ, ಇನ್ನೊಂದು ಸಲ ಹರಗ್ರಿ.

ಡಿಕಂಪೋಸರ್, ಅಂದ್ರೆ ಹುಲ್ಲು ಕೊಳೆಸೋ ಸೂಕ್ಷ್ಮಜೀವಿ ದ್ರಾವಣ, ಕೇಳೋವ್ರು ಬಹಳ ಜನ. ದೆಹಲಿಯ ಐಎಆರ್‌ಐನವ್ರ (ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ) ಪೂಸಾ ಡಿಕಂಪೋಸರ್ ಕ್ಯಾಪ್ಸೂಲಲ್ಲಿ ಬರ್ತದೆ, ಬೆಲ್ಲ ಕಡಲೆಹಿಟ್ಟು ಹಾಕಿ ಬೆಳೆಸೋದು. ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರದ ವೇಸ್ಟ್ ಡಿಕಂಪೋಸರ್ 200 ಲೀಟರ್ ನೀರಿಗೆ 2 ಕೆಜಿ ಬೆಲ್ಲ ಹಾಕಿ ಮಾಡೋದು. ನನ್ ಅಭಿಪ್ರಾಯ ಕೇಳಿದ್ರೆ, ಹಸಿಯೂ ಮಣ್ಣಿನ ಸಂಪರ್ಕವೂ ಇಲ್ದೆ ಒಣ ಹುಲ್ಲಿನ ಮೇಲೆ ಚಿಮುಕಿಸಿದ್ರೆ ಇರುವೆಗೆ ಪಾನಕ. ಹಸಿ ಇದ್ದಾಗ ಸಂಜೆ ಹೊತ್ತು ಹೊಡೆದು ಮಣ್ಣು ಸೇರಿಸಿದ್ರೆ ಸಹಾಯ ಆಗ್ಬಹುದು, ಆದ್ರೆ 20 ಕೆಜಿ ಯೂರಿಯಾ ಮತ್ತು ಒಂದು ಸುತ್ತು ನೀರು ಮೊದ್ಲು.

ಹುಲ್ಲು ಬಿಟ್ಟಿದ್ದಕ್ಕೇ ರೋಗ ಹುಳ ಜಾಸ್ತಿ ಆಯ್ತು ಅನ್ನೋರಿಗೆ

ಅರ್ಧ ನಿಜ. ಕಾಂಡ ಕೊರಕ ಹುಳ ಕೂಳೆ (ಕೊಯ್ದ ಮೇಲೆ ಉಳಿದ ಬುಡ) ಒಳಗೇ ಅಡಗಿರ್ತದೆ, ಕೂಳೆ ನಿಂತಂಗೇ ಬಿಟ್ರೆ ಮುಂದಿನ ಬೆಳೇಲಿ ಸುಳಿ ಒಣಗ್ತದೆ, ಆದ್ರೆ ಉತ್ತು ಮಣ್ಣಿಗೆ ಮಗುಚಿದ್ರೆ ಹುಳ ಸಾಯೋದೇ ಜಾಸ್ತಿ. ಒಂದು ಕೂಳೆ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ನೋಡ್ರಿ, ಒಳಗೆ ಹುಳ ಇದ್ರೆ ಉಳುಮೆ ತಡ ಮಾಡಬೇಡ್ರಿ. ಶೀತ್ ಬ್ಲೈಟ್ (ಎಲೆ ಕವಚ ಒಣಗೋ ರೋಗ) ಕಥೆ ಬೇರೆ, ಸಾಸಿವೆಯಂಥ ಕಂದು ಗಂಟು ಮಣ್ಣಲ್ಲೂ ಹುಲ್ಲಲ್ಲೂ ಉಳಿದು ಕೆಸರು ಮಾಡುವಾಗ ನೊರೆ ಕಸದ ಜೊತೆ ತೇಲಿ ಬದು ಅಂಚಿಗೆ ಬರ್ತದೆ, ಆ ಕಸ ಬಾಚಿ ಹೊರಗೆ ಹಾಕ್ರಿ. ಹಿಂದಿನ ಬೆಳೇಲಿ ರೋಗ ಜೋರಾಗಿದ್ದ ಮಡಿಯ ಹುಲ್ಲನ್ನ ಆ ಒಂದು ಸಲ ಒಳಗೆ ಸೇರಿಸ್ಬೇಡ್ರಿ, ತಿಪ್ಪೆಗೆ ಹಾಕಿ ಬಿಸಿಯಾಗಿ ಕೊಳೆತ ಮೇಲೆ ತಗಂಡ್ ಬರ್ರಿ. ಒದ್ದೆ ಹುಲ್ಲು ದೊಡ್ಡ ಬಣವೆ ಒಟ್ಟಬೇಡ್ರಿ, ಒಳಗೇ ಕಾದು ಹೊಗೆಯಾಡಿ ಬೆಂಕಿ ಹತ್ತಿದ್ದೂ ಉಂಟು.

ಎರಡು ವರ್ಷ ಆಯ್ತು, ಮಣ್ಣು ಪರೀಕ್ಷೇಲಿ ಸಾವಯವ ಇಂಗಾಲ ಏರಿಲ್ಲ

ಇದನ್ನ ದೋಷ ಅಂತ ಬಹಳ ಜನ ಹೇಳ್ತಾರೆ, ಲೆಕ್ಕ ಹಾಕಿದ್ರೆ ದೋಷ ಅಲ್ಲ. ಒಂದು ಎಕರೇಲಿ ಮೇಲಿನ 15 ಸೆಂಟಿಮೀಟರ್ ಮಣ್ಣು ಹತ್ರತ್ರ 9 ಲಕ್ಷ ಕೆಜಿ. ಇಂಗಾಲ ಶೇ 0.1 ಏರಬೇಕು ಅಂದ್ರೆ 900 ಕೆಜಿ ಅಲ್ಲಿ ಉಳೀಬೇಕು. ಎಕರೆಗೆ 25 ಕ್ವಿಂಟಾಲ್ ಭತ್ತ ಬಂದ್ರೆ ಹುಲ್ಲೂ ಅಷ್ಟೇ, ಎರಡೂವರೆ ಟನ್, ಅದ್ರಲ್ಲಿ ಇಂಗಾಲ ಒಂದು ಟನ್. ಅದ್ರಲ್ಲಿ ಬಹುಪಾಲು ಕೊಳೆಯುವಾಗ ಗಾಳಿಗೆ ಹೋಗಿ ಕೊನೆಗೆ ನಿಲ್ಲೋದು ನೂರು ನೂರೈವತ್ತು ಕೆಜಿ. ಅಂದ್ರೆ ಆರರಿಂದ ಒಂಬತ್ತು ಬೆಳೆ, ಅದೂ ದನಕ್ಕೆ ಒಂದೆಳೆ ಒಯ್ಯದೆ ಎಲ್ಲಾ ಸೇರಿಸಿದ್ರೆ. ನಾಲ್ಕು ಬೆಳೆಗೆ 0.48 ಇದ್ದದ್ದು 0.52 ಆಯ್ತು ಅಂತ ಕುಣಿಯೋದೂ ಬೇಡ, 0.45 ಆಯ್ತು ಅಂತ ಅಳೋದೂ ಬೇಡ, ಅಷ್ಟು ವ್ಯತ್ಯಾಸ ಮಾದರಿ ತೆಗೆಯೋ ಕೈಯಿಂದಾನೇ ಬರ್ತದೆ. ಸಾಯಿಲ್ ಹೆಲ್ತ್ ಕಾರ್ಡಲ್ಲಿ 0.5ಕ್ಕಿಂತ ಕೆಳಗೆ ಕಮ್ಮಿ, 0.75ರ ತನಕ ಮಧ್ಯಮ ಅಂತ ಬರೀತಾರೆ, ಹಂಗಾಗಿ 0.48ಕ್ಕೂ 0.52ಕ್ಕೂ ಕಾಗದದ ಮೇಲೆ ಜಾತಿನೇ ಬದಲಾದಂಗೆ ಕಾಣ್ತದೆ.

ಬೇಗ ಕಾಣೋದು ಪೊಟ್ಯಾಷ್. ಎರಡೂವರೆ ಟನ್ ಹುಲ್ಲಲ್ಲಿ 35 ಕೆಜಿಗಿಂತ ಜಾಸ್ತಿ ಪೊಟ್ಯಾಷ್ ವಾಪಸ್ ಬರ್ತದೆ, 50 ಕೆಜಿ ಎಂಒಪಿ (ಪೊಟ್ಯಾಷ್ ಗೊಬ್ಬರ) ಚೀಲದಲ್ಲಿ ಇರೋದು 30. ದೊಡ್ಡಪ್ಪ ಸುಟ್ರೂ ಬೂದೀಲಿ ಪೊಟ್ಯಾಷ್ ಉಳೀತದಲ್ಲ ಅಂತಾರೆ, ಅದು ಬಹುಮಟ್ಟಿಗೆ ಸರಿ, ಹೊಗೇಲಿ ಹೋಗೋದು ಇಂಗಾಲ ಮತ್ತು ಸಾರಜನಕ, ಹೆಚ್ಚುಕಮ್ಮಿ ಪೂರ್ತಿ.

ಮಾದರಿ ತೆಗೆಯೋದ್ರಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಮೊದಲನೇ ಸಲ ಬೇಸಿಗೇಲಿ ಬದು ಪಕ್ಕ ತೆಗೆದೆ, ಎರಡನೇ ಸಲ ಹುಲ್ಲು ಬೆರೆಸಿದ ಹದಿನೈದೇ ದಿನಕ್ಕೆ ಗದ್ದೆ ನಡುವಿಂದ, ಹುಲ್ಲಿನ ಚೂರು ಸಮೇತ. ನಂಬರ್ ಜಿಗಿದಿತ್ತು, ಮನೇಲೆಲ್ಲ ತೋರಿಸಿದ್ದೂ ಆಯ್ತು, ಆಮೇಲೆ ಲ್ಯಾಬ್‌ನವ್ರು ಚೀಲ ನೋಡಿ ನಕ್ಕರು. ಪ್ರತಿ ಸಲ ಬೇಸಿಗೆ ಬೆಳೆ ಕೊಯ್ದು ಹುಲ್ಲು ಬೆರೆಸೋ ಮುಂಚೆ, ಅದೇ ಮಡಿಯ ಅದೇ ಎಂಟ್ಹತ್ತು ಜಾಗದಲ್ಲಿ, ಬದು ತೂಬು ತಿಪ್ಪೆ ಬಿಟ್ಟು, ಗುದ್ದಲೀಲಿ ಇಂಗ್ಲಿಷ್ ವಿ ಆಕಾರಕ್ಕೆ 15 ಸೆಂಟಿಮೀಟರ್ ಗುಂಡಿ ತೆಗೆದು ಪಕ್ಕದ ಮಣ್ಣು ಒಂದೇ ದಪ್ಪಕ್ಕೆ ಕೆರೆದು ಎಲ್ಲಾ ಬೆರೆಸಿ, ಕೂಳೆ ಬೇರು ಆರಿಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡ್ರಿ. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಬೇಡ್ರಿ. ಒಳಗೆ ಹಾಕೋ ಚೀಟೀಲಿ ಸರ್ವೆ ನಂಬರ್ ಜೊತೆ ಮೇಲೆ ಹೇಳಿದ ಮೂರು ತಾರೀಕೂ ಬರೀರಿ, ಪೆನ್ ಬೇಡ, ಪೆನ್ಸಿಲಲ್ಲಿ, ಹಸಿ ತಗುಲಿದ್ರೂ ಅಳಿಸಲ್ಲ.